ಡ್ರೂಯಿಡ್ ಗುಂಪು ಸೇರುವ ಮುಂಚೆ

ನಾನು ಇಂಗ್ಲೆಂಡಿನಲ್ಲಿ ಇರುವವಳು. ಡ್ರೂಯಿಡರು ಅಂದರೆ ಹಿಂದಿನ ಕಾಲದ ಬ್ರಿಟನ್, ಫ್ರಾನ್ಸ್ ಕಡೆಯ ಕೆಲ್ಟಿಕ್ ಜನರ ಪುರೋಹಿತರು; ಈಗ ಅವರ ಹೆಸರಿಟ್ಟುಕೊಂಡ ಹೊಸ ಗುಂಪುಗಳಿವೆ. ವರ್ಷಕ್ಕೆ ಎಂಟು ಋತುಹಬ್ಬಕ್ಕೆ ಈ ಡ್ರೂಯಿಡರ ಜೊತೆ ಮರದಡಿ ನಿಲ್ಲುತ್ತೇನೆ ಅನ್ನುವುದು ಪರಿಚಯದವರಿಗೆಲ್ಲ ಗೊತ್ತು. ಹಾಗಾಗಿ ಆಗಾಗ ಒಂದು ಪ್ರಶ್ನೆ ಬರುತ್ತದೆ: "ಡ್ರೂಯಿಡ್ ಗುಂಪು ಸೇರಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ನಾನು ತಿರುಗಿ ಕೇಳುವುದು ಇಷ್ಟೇ. ನಿಮಗೆ ಬೇಕಿರುವುದು ಪಾಠವಾ, ಪೂಜೆಯಾ, ಸುಮ್ನೆ ಜೊತೆಗೆ ನಾಲ್ಕು ಜನರಾ? ಮೂರೂ ಒಂದೇ ಗುಂಪಿನಲ್ಲಿ ಚೆನ್ನಾಗಿ ಸಿಗುವುದು ಅಪರೂಪ. ಇದನ್ನು ಮೊದಲೇ ತೀರ್ಮಾನ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಡ್ರೂಯಿಡ್ ಅನ್ನುವ ಬೋರ್ಡು ಹಾಕಿಕೊಂಡವರೆಲ್ಲ ಒಂದೇ ಜಾತಿಯವರಲ್ಲ, ಇದು ಮೊದಲು ತಿಳಿದಿರಲಿ. 1781ರಲ್ಲಿ ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ಶುರುವಾದ 'ಏನ್ಷಿಯೆಂಟ್ ಆರ್ಡರ್ ಆಫ್ ಡ್ರೂಯಿಡ್ಸ್' ಧರ್ಮದ ಗುಂಪೇ ಅಲ್ಲ. ಅದು ಫ್ರೀಮೇಸನ್‌ಗಳ ತರಹದ ಸ್ನೇಹ ಸಂಘ. 1908ರಲ್ಲಿ ವಿನ್‌ಸ್ಟನ್ ಚರ್ಚಿಲ್ ಇದರ ಸದಸ್ಯರಾದರು. ಅವರೇನೂ ಓಕ್ ಮರಕ್ಕೆ ಕೈಮುಗಿಯಲು ಹೋಗಲಿಲ್ಲ ಬಿಡಿ. ವೇಲ್ಸ್‌ನ ಗೊರ್ಸೆತ್ ಇನ್ನೊಂದು ಬಗೆ. ಬಿಳಿ, ನೀಲಿ, ಹಸಿರು ನಿಲುವಂಗಿ ಹಾಕಿಕೊಂಡು ಪ್ರತಿ ಆಗಸ್ಟ್‌ನಲ್ಲಿ ಐಸ್ಟೆಡ್‌ವಡ್ ಹಬ್ಬದಲ್ಲಿ ಕವಿಗಳಿಗೆ ಸನ್ಮಾನ ಮಾಡುವವರು ಇವರೇ. ವೇಲ್ಸ್ ಭಾಷೆಗೆ, ನಾಡಿಗೆ ಕೆಲಸ ಮಾಡಿದವರಿಗೆ ಅಲ್ಲಿ ಜಾಗ. 2002ರಲ್ಲಿ ಆಂಗ್ಲಿಕನ್ ಚರ್ಚಿನ ರೋವನ್ ವಿಲಿಯಮ್ಸ್ ಅವರನ್ನು ಇದಕ್ಕೆ ಸೇರಿಸಿಕೊಂಡಾಗ "ಪಾದ್ರಿ ಪೇಗನ್ ಆದರು" ಅಂತ, ಅಂದರೆ ಹಳೇ ದೇವರುಗಳ ಪೂಜೆಗೆ ಇಳಿದರು ಅಂತ ಗುಲ್ಲೆದ್ದಿತ್ತು. ನಿಜವಾಗಿ ಅದು ಸಾಹಿತ್ಯದ ಗೌರವ. ವೇಲ್ಸ್ ಭಾಷೆ ಬರದಿದ್ದರೆ, ಪ್ರಕೃತಿ ಪೂಜೆ ಮಾಡಬೇಕು ಅಂತ ಇಲ್ಲಿಗೆ ಅರ್ಜಿ ಹಾಕುವುದು ದಂಡ.

ಹೆಚ್ಚಿನವರು ಹುಡುಕುವುದು ಮೂರನೇ ಬಗೆಯ ಗುಂಪನ್ನು. ಪ್ರಕೃತಿಯನ್ನು ಪವಿತ್ರ ಅಂತ ನೋಡುವ, ಹಬ್ಬ ಮಾಡುವ, ಕಲಿಸುವ ಗುಂಪುಗಳು. ಇವುಗಳಲ್ಲಿ ದೊಡ್ಡದು 'ಆರ್ಡರ್ ಆಫ್ ಬಾರ್ಡ್ಸ್, ಓವೇಟ್ಸ್ ಅಂಡ್ ಡ್ರೂಯಿಡ್ಸ್'. ಎಲ್ಲರೂ ಒಬಾಡ್ ಅಂತಲೇ ಕರೆಯುತ್ತಾರೆ. 1964ರಲ್ಲಿ ರಾಸ್ ನಿಕೋಲ್ಸ್ ಕಟ್ಟಿದ್ದು, ಅವರ ನಂತರ ನಿಂತುಹೋಗಿತ್ತು. 1988ರಲ್ಲಿ ಫಿಲಿಪ್ ಕಾರ್-ಗಾಮ್ ಮತ್ತೆ ಜೀವ ಕೊಟ್ಟರು. 2020ರಿಂದ ಐರ್ಲೆಂಡಿನ ಈಮರ್ ಬರ್ಕ್ ಮುಖ್ಯಸ್ಥೆ. ಇಲ್ಲಿ ಸೇರುವುದು ಅಂದರೆ ಅಂಚೆ ಪಾಠಕ್ಕೆ ಸೇರುವುದು. ಬಾರ್ಡ್ (ಕವಿ, ಹಾಡುಗಾರ), ಓವೇಟ್ (ಕಾಣ್ಕೆಯವನು), ಡ್ರೂಯಿಡ್ ಅಂತ ಮೂರು ಹಂತ. ಪಾಠಗಳು ಕಂತುಕಂತಾಗಿ ಬರುತ್ತವೆ. ನೀವು ಬರೆದಿದ್ದನ್ನು ಓದಿ ಉತ್ತರ ಕೊಡಲು ಒಬ್ಬ ಮಾರ್ಗದರ್ಶಿ ಇರುತ್ತಾರೆ. ಯಾವ ದೇವರನ್ನು ನಂಬಬೇಕು ಅಂತ ಯಾರೂ ಹೇಳುವುದಿಲ್ಲ. ಕ್ರೈಸ್ತರೂ ಇದ್ದಾರೆ, ಬೌದ್ಧರೂ ಇದ್ದಾರೆ, ದೇವರೇ ಇಲ್ಲ ಅನ್ನುವವರೂ ಇದ್ದಾರೆ. ನಾನು ಬಾರ್ಡ್ ಹಂತ ಮಾಡಿದ್ದು ಇಲ್ಲೇ. ಕವಿತೆ, ಕತೆ, ಹಾಡಿನ ಕಡೆ ಒಲವಿದ್ದರೆ ಆ ಹಂತ ತುಂಬ ಹಿಡಿಸುತ್ತದೆ. ಆದರೆ ಒಂದು ಮಾತು: ಪಾಠವನ್ನು ಒಬ್ಬರೇ ಕೂತು ಮಾಡಬೇಕು. ವಾರವಾರ ಜನ ಸೇರುತ್ತಾರೆ ಅಂದುಕೊಂಡು ಬಂದವರು ಬೇಗ ಬೇಸರಪಟ್ಟುಕೊಳ್ಳುತ್ತಾರೆ.

ಅಮೆರಿಕದಲ್ಲಿ ಇದ್ದರೆ ಎ.ಡಿ.ಎಫ್. ಹೆಸರು ಬಂದೇ ಬರುತ್ತದೆ. ಪೂರ್ತಿ ಹೆಸರು 'ಆರ್ನ್ ದ್ರೀಯಕ್ತ್ ಫೇನ್', ಐರಿಶ್ ಭಾಷೆಯದು. 1983ರಲ್ಲಿ ಐಸಾಕ್ ಬೋನ್‌ವಿಟ್ಸ್ ಶುರುಮಾಡಿದ್ದು. ಒಬಾಡ್‌ಗೆ ಪಾಠ ಹೇಗೋ ಇವರಿಗೆ ಪೂಜೆ ಹಾಗೆ. ಪ್ರತಿ ಗ್ರೋವ್, ಅಂದರೆ ಸ್ಥಳೀಯ ಗುಂಪು, ವರ್ಷದ ಎಂಟು ಹಬ್ಬಗಳನ್ನು ಊರವರೆಲ್ಲ ಬರುವ ಹಾಗೆ ಬಹಿರಂಗವಾಗಿ ಮಾಡಬೇಕು. ಪೂಜೆಯ ಕ್ರಮ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ: ಬೆಂಕಿ, ಬಾವಿ, ಮರ ಅಂತ ಮೂರು ನೆಲೆ, ಬೆಂಕಿಗೆ ಕಾಣಿಕೆ, ಕೊನೆಗೆ ಶಕುನ ನೋಡುವುದು. ಪ್ರಾಣಿಬಲಿ ನಿಷೇಧ. ಇಲ್ಲಿ ದೇವತೆಗಳು ಹಲವರು, ಅದರ ಬಗ್ಗೆ ಮುಚ್ಚುಮರೆ ಇಲ್ಲ. ಕೆಲ್ಟಿಕ್ ಮಾತ್ರ ಅಲ್ಲ, ಗ್ರೀಕ್, ನಾರ್ಸ್, ವೈದಿಕ ಹಾದಿ ಹಿಡಿದವರೂ ಅದೇ ಬೆಂಕಿಯ ಸುತ್ತ ನಿಲ್ಲುತ್ತಾರೆ. ಹೊಸಬರಿಗೆ ಇರುವ 'ಡೆಡಿಕಂಟ್ ಪಾತ್' ಅನ್ನುವ ಪಾಠ ಮುಗಿಸಲು ಕಡಿಮೆ ಅಂದರೂ ಒಂದು ವರ್ಷ. ಎಂಟು ಹಬ್ಬದ ವರದಿ ಬರೆಯಬೇಕು, ಇತಿಹಾಸದ ಪುಸ್ತಕ ಓದಿ ಅದರ ಬಗ್ಗೆ ಬರೆಯಬೇಕು. ಓದು ಅಂದರೆ ಮೈಲು ದೂರ ಓಡುವವರಿಗೆ ಹೇಳಿದ್ದಲ್ಲ.

ಎ.ಓ.ಡಿ.ಎ. ('ಏನ್ಷಿಯೆಂಟ್ ಆರ್ಡರ್ ಆಫ್ ಡ್ರೂಯಿಡ್ಸ್ ಇನ್ ಅಮೆರಿಕ') ಅಂತ ಇನ್ನೊಂದಿದೆ, 1912ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ್ದು. ಹತ್ತಿರದಲ್ಲಿ ಯಾರೂ ಇಲ್ಲದವರಿಗೆ ನಾನು ಹೇಳುವುದು ಇದನ್ನೇ. ಮರ ನೆಡಿ, ಬದುಕುವ ರೀತಿಯಲ್ಲಿ ಭೂಮಿಗೆ ಹಗುರಾಗುವ ಬದಲಾವಣೆ ಮಾಡಿ, ಹೊರಗೆ ಹೋಗಿ ಕೂತು ನೋಡಿ ಅನ್ನುವುದೇ ಇವರ ಪಾಠದ ತಿರುಳು. ಆರ್.ಡಿ.ಎನ್.ಎ. ('ರಿಫಾರ್ಮ್ಡ್ ಡ್ರೂಯಿಡ್ಸ್ ಆಫ್ ನಾರ್ತ್ ಅಮೆರಿಕ') ಎಲ್ಲಕ್ಕಿಂತ ತಮಾಷೆಯದು. 1963ರಲ್ಲಿ ಮಿನಿಸೋಟದ ಕಾರ್ಲ್‌ಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಡ್ಡಾಯವಾಗಿ ಪ್ರಾರ್ಥನೆಗೆ ಹೋಗಬೇಕಿತ್ತು. ಅದನ್ನು ವಿರೋಧಿಸಲು "ನಮ್ಮದು ಡ್ರೂಯಿಡ್ ಧರ್ಮ" ಅಂತ ಕೆಲವರು ಹೊರಟರು. ಮರುವರ್ಷ ಕಡ್ಡಾಯ ಹೋಯಿತು, ಆದರೆ ಡ್ರೂಯಿಡರು ಉಳಿದರು! ಶಿಸ್ತು, ಪಠ್ಯ ಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ.

ಇನ್ನು ಹೋಲಿಸುವುದು ಹೇಗೆ? ನನ್ನ ಮೊದಲ ಪ್ರಶ್ನೆ ಯಾವಾಗಲೂ ಇತಿಹಾಸದ್ದು. "ನಿಮ್ಮ ಪದ್ಧತಿ ಎಲ್ಲಿಂದ ಬಂತು?" ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ಹಳೆಯ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ನಮಗೆ ಗೊತ್ತಿರುವುದು ಸೀಸರ್, ಪ್ಲಿನಿ, ಟ್ಯಾಸಿಟಸ್ ತರಹದ ಹೊರಗಿನವರು, ರೋಮನ್ನರು ಬರೆದಿದ್ದು. ಅದರಲ್ಲೂ ಸೀಸರ್ ಅವರ ಮೇಲೆ ಯುದ್ಧಕ್ಕೆ ಹೋದವನು. ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಬಂದಳಿಕೆ ಕೊಯ್ಯುವ ಆ ಪ್ರಸಿದ್ಧ ಚಿತ್ರ ಪ್ಲಿನಿಯದು. ಇಂಗ್ಲೆಂಡಿನ ಹಳೇ ಕಲ್ಲಿನ ವೃತ್ತ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತಿದ್ದು ಕ್ರಿಸ್ತಪೂರ್ವ 2500ರ ಆಸುಪಾಸಿನಲ್ಲಿ, ಡ್ರೂಯಿಡರ ಹೆಸರು ಬರಹದಲ್ಲಿ ಕಾಣುವುದಕ್ಕಿಂತ ಸುಮಾರು ಎರಡು ಸಾವಿರ ವರ್ಷ ಮುಂಚೆ. ಇವೆರಡನ್ನೂ ಗಂಟು ಹಾಕಿದ್ದು 17, 18ನೇ ಶತಮಾನದ ಇಂಗ್ಲಿಷ್ ಹವ್ಯಾಸಿಗಳು. ಆಮೇಲೆ ಬಂದ ಎಡ್ವರ್ಡ್ ವಿಲಿಯಮ್ಸ್, ಯೋಲೋ ಮೊರ್ಗಾನುಗ್ ಅಂತ ಹೆಸರಿಟ್ಟುಕೊಂಡು 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಮೊದಲ ಗೊರ್ಸೆತ್ ಸಭೆ ನಡೆಸಿದ. ಪುರಾತನ ಹಸ್ತಪ್ರತಿ ಅಂತ ಅವನು ತೋರಿಸಿದ್ದರಲ್ಲಿ ಎಷ್ಟೋ ಅವನೇ ಬರೆದಿದ್ದು. ಆದರೂ ಅವನು ಬರೆದ ಪ್ರಾರ್ಥನೆಯನ್ನು ಇವತ್ತಿಗೂ ಗೊರ್ಸೆತ್‌ನಲ್ಲಿ ಹೇಳುತ್ತಾರೆ, ಒಬಾಡ್‌ನಲ್ಲೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಚೆನ್ನಾಗಿದೆ, ಅದಕ್ಕೆ.

"ಇದನ್ನು ಯೋಲೋ ಕಟ್ಟಿದ್ದು, ಇದನ್ನು ನಿಕೋಲ್ಸ್ ಸೇರಿಸಿದ್ದು, ಇದು ಕಳೆದ ವರ್ಷ ನಾವೇ ಮಾಡಿಕೊಂಡಿದ್ದು" ಅಂತ ಬಿಡಿಸಿ ಹೇಳುವ ಗುಂಪನ್ನು ನಾನು ನಂಬುತ್ತೇನೆ. "ನಮ್ಮದು ಎರಡು ಸಾವಿರ ವರ್ಷದಿಂದ ಗುಟ್ಟಾಗಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದಿದ್ದು, ಪುರಾವೆ ಕೇಳಬೇಡಿ" ಅನ್ನುವವರ ಹತ್ತಿರ ಚಹಾ ಕುಡಿದು ವಾಪಸ್ ಬರುತ್ತೇನೆ. ಇತಿಹಾಸದ ವಿಷಯದಲ್ಲಿ ಸಡಿಲ ಇರುವವರು ದುಡ್ಡಿನ ವಿಷಯದಲ್ಲೂ ಸಡಿಲ ಇರುವುದನ್ನು ನೋಡಿದ್ದೇನೆ. ಹೆಸರು ಬೇಡ.

ಎರಡನೆಯದು, ಒಂದು ಬಹಿರಂಗ ಹಬ್ಬಕ್ಕೆ ಹೋಗಿ ನಿಂತು ನೋಡುವುದು. ಇದಕ್ಕೆ ಸ್ಟೋನ್‌ಹೆಂಜ್ ಬೇಡ. ಜೂನ್ ಅಯನಕ್ಕೆ, ಅಂದರೆ ವರ್ಷದ ಅತಿ ಉದ್ದದ ಹಗಲಿಗೆ, ಅಲ್ಲಿ ಪ್ರವೇಶ ಉಚಿತ ನಿಜ, ಆದರೆ ಸಾವಿರಾರು ಜನರ ಸಂತೆಯಲ್ಲಿ ಯಾರು ಯಾವ ಗುಂಪು ಅಂತಲೂ ತಿಳಿಯುವುದಿಲ್ಲ. ಏವ್‌ಬರಿ ವಾಸಿ. ಕಲ್ಲಿನ ವೃತ್ತದ ಒಳಗೇ ಒಂದು ಹಳ್ಳಿ ಇದೆ, ಪಬ್ ಇದೆ, ಕುರಿಗಳು ಮೇಯುತ್ತಿರುತ್ತವೆ. ಕೈಹಿಡಿದು ವೃತ್ತ ಕಟ್ಟುತ್ತಾರೆ. ಒಬ್ಬರು ಉತ್ತರಕ್ಕೆ ನಡೆದು "ಶಾಂತಿ ಇದೆಯೇ?" ಅಂತ ಕೂಗುತ್ತಾರೆ, ಎಲ್ಲರೂ "ಶಾಂತಿ ಇದೆ" ಅನ್ನುತ್ತಾರೆ. ದಕ್ಷಿಣ, ಪಶ್ಚಿಮ, ಪೂರ್ವಕ್ಕೂ ಹಾಗೇ. ಆಮೇಲೆ 'ಆವೆನ್' (ವೇಲ್ಸ್ ಭಾಷೆಯಲ್ಲಿ ಸ್ಫೂರ್ತಿ) ಅಂತ ಮೂರು ಸಲ ಎಳೆದು ಹಾಡುತ್ತಾರೆ. ಹಬ್ಬದ ಮಾತು ಮುಗಿದ ಮೇಲೆ ಬ್ರೆಡ್ಡು, ಮೀಡ್ ಅನ್ನುವ ಜೇನಿನ ಮದ್ಯ ಕೈಯಿಂದ ಕೈಗೆ ಬರುತ್ತದೆ. ಕೊನೆಯಲ್ಲಿ ಯಾರು ಬೇಕಾದರೂ ಮುಂದೆ ಬಂದು ಹಾಡು, ಕವಿತೆ, ಕತೆ ಹೇಳಬಹುದು.

ನೀವು ಕಣ್ಣಿಡಬೇಕಾದ್ದು ನಿಲುವಂಗಿಯ ಮೇಲೆ ಅಲ್ಲ. ತಡವಾಗಿ ಬಂದವರಿಗೆ ವೃತ್ತದಲ್ಲಿ ಜಾಗ ಬಿಟ್ಟರಾ? ಮಧ್ಯೆ ಅತ್ತ ಮಗುವಿನ ಕಡೆ ಯಾರಾದರೂ ಹುಬ್ಬು ಗಂಟಿಕ್ಕಿದರಾ? ಮೀಡ್ ಬೇಡ ಅಂದವರಿಗೆ ಹಣ್ಣಿನ ರಸ ಇಟ್ಟಿದ್ದಾರಾ? ಮಾತು ತಪ್ಪಿದಾಗ ನಕ್ಕರಾ, ಸಿಡುಕಿದರಾ? ಮುಖ್ಯಸ್ಥರೇ ಚೀಲ ಹೊತ್ತು ಕಸ ಎತ್ತಿದರಾ, ಶಿಷ್ಯರ ಕೈಲಿ ಮಾಡಿಸಿದರಾ? ಅರ್ಧ ಗಂಟೆಯಲ್ಲಿ ಗುಂಪಿನ ಜಾತಕ ಗೊತ್ತಾಗುತ್ತದೆ.

ಇನ್ನೂ ಲೆಕ್ಕಾಚಾರವಾಗಿ ಬೇಕು ಅನ್ನುವವರಿಗೆ ಎ.ಡಿ.ಎಫ್. ಸ್ಥಾಪಕ ಬೋನ್‌ವಿಟ್ಸ್ 1979ರಲ್ಲೇ ಒಂದು ಅಳತೆಪಟ್ಟಿ ಮಾಡಿಟ್ಟಿದ್ದಾರೆ. ಯಾವ ಧಾರ್ಮಿಕ ಗುಂಪು ಎಷ್ಟು ಅಪಾಯಕಾರಿ ಅಂತ ತೂಗುವ ಪಟ್ಟಿ ಅದು. ಈಗಿನ ರೂಪದಲ್ಲಿ 18 ಅಂಶ, ಪ್ರತಿಯೊಂದಕ್ಕೂ ಒಂದರಿಂದ ಹತ್ತು ಅಂಕ. ನಾಯಕರ ಹಿಡಿತ ಎಷ್ಟು, ಎಲ್ಲ ತಮಗೇ ಗೊತ್ತು ಅನ್ನುತ್ತಾರಾ, ದುಡ್ಡು ಎಷ್ಟು ಕೇಳುತ್ತಾರೆ, ಲೈಂಗಿಕವಾಗಿ ಬಳಸಿಕೊಳ್ಳುತ್ತಾರಾ, ಮನೆಯವರಿಂದ ಸ್ನೇಹಿತರಿಂದ ದೂರ ಮಾಡುತ್ತಾರಾ, ಬಿಟ್ಟು ಹೋಗುವವರನ್ನು ತಡೆಯುತ್ತಾರಾ. ಅಂಕ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ. ನನಗೆ ಇಷ್ಟವಾದದ್ದು ಅದರಲ್ಲಿರುವ 'ಬಿಗುಮುಖ' ಅನ್ನುವ ಅಂಶ: ತಮ್ಮ ಬಗ್ಗೆ ಜೋಕು ಮಾಡಿದರೆ ಸಹಿಸದ ಗುಂಪಿಗೆ ಅಂಕ ಏರುತ್ತದೆ. ಈ ಪಟ್ಟಿಯನ್ನು ಎ.ಡಿ.ಎಫ್. ಮೇಲೂ ಹಾಕಿ ನೋಡಿ, ಒಬಾಡ್ ಮೇಲೂ ಹಾಕಿ. ಸ್ಥಾಪಕರದ್ದು ಅಂತ ರಿಯಾಯಿತಿ ಬೇಡ.

ಅಧಿಕಾರ ಯಾರ ಕೈಲಿದೆ ಅನ್ನುವುದನ್ನೂ ಕೇಳಿ. ಎ.ಡಿ.ಎಫ್.ನಲ್ಲಿ ಮುಖ್ಯಸ್ಥರನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ಒಬಾಡ್‌ನಲ್ಲಿ ಹಾಗೆ ಚುನಾವಣೆ ಇಲ್ಲ. ಎರಡಕ್ಕೂ ಅದರದೇ ತಲೆನೋವಿದೆ, ಯಾವುದು ತಡೆಯುತ್ತೀರಿ ನೋಡಿಕೊಳ್ಳಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ನೋಂದಾಯಿತ ಚಾರಿಟಿ ಆಗಿರುವ ಗುಂಪಾದರೆ ಅದರ ಆದಾಯ, ಖರ್ಚು ಎಷ್ಟು ಅನ್ನುವುದನ್ನು ಚಾರಿಟಿ ಕಮಿಷನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. 'ದಿ ಡ್ರೂಯಿಡ್ ನೆಟ್‌ವರ್ಕ್'ಗೆ 2010ರಲ್ಲಿ ಈ ಮಾನ್ಯತೆ ಸಿಕ್ಕಿತು. ಡ್ರೂಯಿಡರದ್ದೂ ಒಂದು ಧರ್ಮ ಅಂತ ಆ ಕಮಿಷನ್ ಒಪ್ಪಿದ್ದು ಆಗಲೇ. ದುಡ್ಡಿನ ಬಗ್ಗೆ ಒಂದೇ ಮಾತು: ಪಾಠಕ್ಕೆ ಶುಲ್ಕ, ಸದಸ್ಯತ್ವಕ್ಕೆ ಚಂದಾ ಇರುವುದು ತಪ್ಪಲ್ಲ. ಪೂರ್ತಿ ಮೊತ್ತ ಎಷ್ಟು ಅಂತ ಸೇರುವ ಮುಂಚೆ ಬರೆದು ಕೊಡಲಿ, ಅಷ್ಟೇ.

ನಮ್ಮಂಥವರಿಗೆ ಇನ್ನೊಂದು ಅನುಮಾನ ಇದ್ದೇ ಇರುತ್ತದೆ ಅಲ್ವಾ? ಕೆಲ್ಟಿಕ್ ವಂಶದವರೇ ಆಗಬೇಕಾ ಅಂತ. ಒಬಾಡ್, ಎ.ಡಿ.ಎಫ್., ಎ.ಓ.ಡಿ.ಎ. ಯಾವುದಕ್ಕೂ ಬೇಕಿಲ್ಲ. ರಕ್ತ, ಪೂರ್ವಜರ ಶುದ್ಧಿ ಅಂತ ಮಾತು ಶುರುಮಾಡುವ ಗುಂಪು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಹುಡುಕುವ ದಾರಿ ಸುಲಭ, ಸಿಗುವುದು ಕಷ್ಟ. 2011ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಡ್ರೂಯಿಡ್ ಅಂತ ಬರೆಸಿದವರು 4,189 ಜನ ಮಾತ್ರ. ಒಬಾಡ್‌ನವರು ತಮ್ಮ ಗ್ರೋವ್‌ಗಳ, ಅದಕ್ಕಿಂತ ಚಿಕ್ಕದಾದ ಸೀಡ್ ಗ್ರೂಪ್‌ಗಳ ಪಟ್ಟಿ ಕೊಡುತ್ತಾರೆ. ಎ.ಡಿ.ಎಫ್.ನಲ್ಲೂ ಗ್ರೋವ್ ಪಟ್ಟಿ ಇದೆ. ಎರಡರಲ್ಲೂ ಹತ್ತಿರದ್ದು ಕಾಣದಿದ್ದರೆ, ಬ್ರಿಟನ್ನಿನಲ್ಲಿ ಪೇಗನ್ ಫೆಡರೇಷನ್‌ನವರನ್ನು ಕೇಳಿ, 1971ರಿಂದ ಇರುವ ಸಂಸ್ಥೆ. ಪಬ್‌ಗಳಲ್ಲಿ 'ಮೂಟ್' ಅಂತ ಭೇಟಿ ನಡೆಯುತ್ತಿರುತ್ತದೆ, ಯಾರು ಬೇಕಾದರೂ ಹೋಗಬಹುದು. ಯಾರದೋ ಖಾಸಗಿ ತೋಪಿಗೆ ಕತ್ತಲಲ್ಲಿ ಹೋಗುವ ಮುಂಚೆ ಆ ಜನರನ್ನು ಮೂಟ್‌ನಲ್ಲಿ ಒಮ್ಮೆಯಾದರೂ ಬೆಳಕಲ್ಲಿ ನೋಡಿರಿ. ಒಂಟಿಯಾಗಿ ಹೋಗುವ ಹೆಂಗಸರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಎರಡು ಗುಂಪು ಇಷ್ಟವಾದರೆ ಎರಡರಲ್ಲೂ ಇರಬಹುದು, ಎಷ್ಟೋ ಜನ ಇದ್ದಾರೆ. ಮೊದಲ ವರ್ಷ ಸೇರದೆಯೇ ಎಂಟೂ ಹಬ್ಬಕ್ಕೆ ಅತಿಥಿಯಾಗಿ ಹೋಗಿಬರುತ್ತೇನೆ ಅಂದರೂ ಒಳ್ಳೆಯ ಗ್ರೋವ್ ಬೇಡ ಅನ್ನುವುದಿಲ್ಲ. ಹೊರಡುವ ಮುಂಚೆ ದಿನ ವಿಚಾರಿಸಿ. ಅಯನ 21ಕ್ಕೆ ಬಿದ್ದರೂ ಸುಮಾರು ಗುಂಪುಗಳು ಹತ್ತಿರದ ಶನಿವಾರಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳುತ್ತವೆ. ನಿಲುವಂಗಿ ಕೊಳ್ಳಬೇಡಿ, ಅತಿಥಿಗಳಿಂದ ಯಾರೂ ಅದನ್ನು ಎದುರುನೋಡುವುದಿಲ್ಲ. ಕೆಸರಿಗೆ ತಡೆಯುವ ಬೂಟು, ಮಳೆಗೆ ಕೋಟು, ಹಂಚಲು ಸ್ವಲ್ಪ ತಿಂಡಿ ಇರಲಿ. ಸ್ವಂತ ಲೋಟವನ್ನೂ ಇಟ್ಟುಕೊಳ್ಳಿ. ಮೀಡ್ ತುಂಬಿದ ಪಾತ್ರೆ ಒಂದೇ ಇರುತ್ತದೆ, ಎಲ್ಲರ ಬಾಯಿ ದಾಟಿ ನಿಮ್ಮ ಹತ್ತಿರ ಬರುತ್ತದೆ.