ಬೇಸಿಗೆಯಲ್ಲಿ ಹವಳದ ತೊಟ್ಟಿ: ಮೊದಲು ಫ್ಯಾನು, ಕೊನೆಗೆ ಚಿಲ್ಲರ್

ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆ. ಟ್ಯಾಂಕಿನ ಥರ್ಮಾಮೀಟರ್ 29.6 ತೋರಿಸುತ್ತಿದೆ. ಬೆಳಿಗ್ಗೆ ಅಂಗೈಯಗಲ ಅರಳಿಕೊಂಡಿದ್ದ ಮೆದು ಹವಳ ಮುದುಡಿ ಮುಷ್ಟಿಯಾಗಿದೆ. ಕ್ಲೌನ್ ಮೀನು ನೀರು ಧುಮುಕುವ ಮೂಲೆಗೆ ಹೋಗಿ ನಿಂತು ಬೇಗಬೇಗ ಕಿವಿರು ಆಡಿಸುತ್ತಿದೆ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಬಹಳ ಮಂದಿ ಅಕ್ವೇರಿಯಂ ಅಂಗಡಿಗೆ ಫೋನ್ ಮಾಡಿ ನೀರು ತಣಿಸುವ ಯಂತ್ರದ, ಅಂದರೆ ಚಿಲ್ಲರ್‌ನ, ಬೆಲೆ ಕೇಳುತ್ತಾರೆ. ಸ್ವಲ್ಪ ತಡೆಯಿರಿ. ಬೆಂಗಳೂರಿನಂಥ ಒಣ ಸೆಕೆಯ ಊರಿನಲ್ಲಿ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾಸು ಖರ್ಚಿಲ್ಲ.

ಬಿಸಿಯಾದರೆ ಆಗುವುದೇನು? ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲಿದೆ. ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣ್ಣಿಸುವುದು ಅದೇ, ಬಣ್ಣದ ಬಹುಪಾಲೂ ಅದರದೇ. ನೀರು ಹಲವು ದಿನ ಕಾದೇ ಇದ್ದರೆ ಹವಳ ಆ ಒಕ್ಕಲನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಆದದ್ದು ಇದೇ. ಜೊತೆಗೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮೀನಿನ ಏದುಸಿರಿಗೆ ಕಾರಣ ಅದು. 25ರಿಂದ 27 ಡಿಗ್ರಿ ಸೆಲ್ಸಿಯಸ್ ನಮ್ಮ ಗುರಿ. ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತಲಿನ ಕಡಲೇ ಮೇ ತಿಂಗಳಲ್ಲಿ ಇದಕ್ಕಿಂತ ಬೆಚ್ಚಗಿರುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಕಡಲು ಕಾಯಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. 200 ಲೀಟರಿನ ಗಾಜಿನ ತೊಟ್ಟಿ ಊಟಕ್ಕೂ ಸಂಜೆ ಕಾಫಿಗೂ ನಡುವೆ ಎರಡು ಡಿಗ್ರಿ ಏರಿಬಿಡುತ್ತದೆ. (ಮೆದು ಹವಳ ಎಂದು ಬೇಕೆಂದೇ ಬರೆದಿದ್ದೇನೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕಡಲಿನಿಂದ ಕಿತ್ತು ತಂದುಕೊಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ.)

ಮೊದಲ ಕೆಲಸ ಅಳೆಯುವುದು. ಥರ್ಮಾಮೀಟರ್ ಎರಡಿರಲಿ, ಒಂದು ಡಿಜಿಟಲ್, ಒಂದು ಗಾಜಿನದು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ. ಬೆಳಿಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ಮೂರು ದಿನ ಬರೆದಿಡಿ. ಸಂಜೆ ಏರಿ ಬೆಳಿಗ್ಗೆಗೆ ಇಳಿದರೆ ತಪ್ಪು ಬಿಸಿಲಿನದು, ಇಲ್ಲವೇ ದೀಪದ್ದು. ಹಗಲೂ ರಾತ್ರಿ ಕೋಣೆಗಿಂತ ನೀರೇ ಬಿಸಿಯಿದ್ದರೆ ಪಂಪುಗಳ ಮೇಲೆ ಅನುಮಾನಪಡಿ.

ಆಮೇಲೆ ಒಳಗೆ ಬರುವ ಬಿಸಿಯನ್ನು ಕಡಿಮೆ ಮಾಡಿ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿ. ಮಧ್ಯಾಹ್ನ ಹೊತ್ತುವ ದೀಪವನ್ನು ದಿನಕ್ಕೆ ಅರ್ಧರ್ಧ ಗಂಟೆಯಂತೆ ಸಂಜೆಯತ್ತ ಸರಿಸಿ. ಹವಳಕ್ಕೆ ಬೇಕಿರುವುದು ಬೆಳಕು, ಗಡಿಯಾರವಲ್ಲ. ಗಾಜಿನ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹೊದಿಸಿ. ಇನ್ನು ಪಂಪು: ನೀರಿನಲ್ಲಿ ಮುಳುಗಿರುವ ಪಂಪು ತಿನ್ನುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಎಲ್ಲ ಪಂಪುಗಳ ವ್ಯಾಟ್ ಕೂಡಿ ನೋಡಿ. ನನ್ನ ಟ್ಯಾಂಕಿನಲ್ಲಿ 50 ಇತ್ತು.

ಈಗ ಫ್ಯಾನು. ಇದು ಅಜ್ಜಿಯ ಮಣ್ಣಿನ ಮಡಕೆಯ ಲೆಕ್ಕವೇ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ಒಂದು ಲೀಟರ್ ನೀರು ಆವಿಯಾದರೆ ಸರಿಸುಮಾರು 28 ವ್ಯಾಟಿನಷ್ಟು ಬಿಸಿ ಹೊರಹೋಯಿತು ಎಂದು ಲೆಕ್ಕ. ಅಂದರೆ ನನ್ನ ಪಂಪುಗಳ ಬಿಸಿಯನ್ನು ತೊಳೆಯುವುದಕ್ಕೇ ದಿನಕ್ಕೆ ಸುಮಾರು 1.8 ಲೀಟರ್ ಆವಿಯಾಗಬೇಕು! ಹೆಚ್ಚು ವಿದ್ಯುತ್ ತಿನ್ನುತ್ತಿದ್ದ ಹಳೇ ಪಂಪನ್ನು ಬದಲಿಸಿದ್ದು ಅದಕ್ಕೇ.

ಹನ್ನೆರಡು ವೋಲ್ಟಿನ ಸಣ್ಣ ಫ್ಯಾನು ಸಾಕು. ಉಪ್ಪುನೀರಿನ ಮೇಲೆ ಮನೆಯ ಕರೆಂಟಿನ ಟೇಬಲ್ ಫ್ಯಾನ್ ತೂಗುಹಾಕಬೇಡಿ. ಗಾಳಿ ನೇರ ಕೆಳಕ್ಕೆ ಬಡಿಯದೆ ನೀರಿನ ಮೈ ಸವರಿಕೊಂಡು ಆಚೆ ಬದಿಯಿಂದ ಹೊರಹೋಗುವಂತೆ ಓರೆಯಾಗಿ ಕೂರಿಸಿ. ನೀರಿನ ಮೇಲೆ ಉದ್ದಕ್ಕೂ ಸಣ್ಣ ಸುಕ್ಕು ಎದ್ದರೆ ಸರಿಯಾಗಿ ಕೂತಿದೆ ಎಂದರ್ಥ. ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿ 26.5ಕ್ಕೆ ಶುರುವಾಗಿ 26ಕ್ಕೆ ನಿಲ್ಲುವಂತೆ ಇಡಿ. ಹೀಟರ್ ಇದ್ದರೆ ಅದನ್ನು 24.5ಕ್ಕೆ ಇಳಿಸಿ. ಇಲ್ಲದಿದ್ದರೆ ಅದು ಕಾಯಿಸುತ್ತದೆ, ಇದು ತಣಿಸುತ್ತದೆ, ಬಿಲ್ಲು ನಿಮಗೆ ಬರುತ್ತದೆ.

ಫ್ಯಾನ್ ಹಾಕಿದವರು ಎಡವುವುದು ನೀರು ತುಂಬಿಸುವುದರಲ್ಲಿ. ಒಲೆಯ ಮೇಲೆ ಮರೆತ ಸಾರು ಇಂಗಿ ಉಪ್ಪುಪ್ಪಾಗುವಂತೆ, ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ ಆರು ಲೀಟರ್ ಕಡಿಮೆಯಾದರೆ ಸಾವಿರಕ್ಕೆ 35 ಇದ್ದ ಲವಣಾಂಶ 36 ದಾಟುತ್ತದೆ. ಆದ್ದರಿಂದ ಇಳಿದಷ್ಟನ್ನು ಸಿಹಿನೀರಿನಿಂದ ತುಂಬಿಸಿ, ಉಪ್ಪು ಬೆರೆಸಿದ ನೀರಿನಿಂದಲ್ಲ. ಬೋರ್‌ವೆಲ್ ನೀರು ಬೇಡ. ಆರ್‌ಒ ನೀರನ್ನು ಉಳಿದ ಲವಣಗಳನ್ನೂ ಹಿಡಿಯುವ ಡಿಐ ಕಾರ್ಟ್ರಿಜ್‌ನಲ್ಲಿ ಹಾಯಿಸಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಸೊನ್ನೆ ತೋರಿಸಿದರೆ ಒಳ್ಳೆಯದು. ಸಂಪಿನ ಗಾಜಿಗೆ ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿಕೊಳ್ಳಿ. (ಸಂಪ್ ಎಂದರೆ ಗೇಟಿನ ಬಳಿಯ ಕಾವೇರಿ ನೀರಿನ ಸಂಪಲ್ಲ, ಟ್ಯಾಂಕಿನ ಕೆಳಗಿನ ಎರಡನೇ ತೊಟ್ಟಿ. ನಮ್ಮ ಮನೆಯಲ್ಲಿ ಈ ಗೊಂದಲ ಎರಡು ಸಲ ಆಗಿದೆ.)

ಮಂಗಳೂರು, ಕಾರವಾರದ ಓದುಗರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಮಡಕೆಯ ನೀರು ಕಲಬುರಗಿಯಲ್ಲಿ ತಣ್ಣಗಾದಷ್ಟು ಕರಾವಳಿಯಲ್ಲಿ ಆಗದು. ಗಾಳಿಯಲ್ಲೇ ನೀರು ತುಂಬಿರುವಾಗ ಇನ್ನಷ್ಟು ನೀರು ಆವಿಯಾಗಲು ಜಾಗವೆಲ್ಲಿ? ಅಲ್ಲಿ ಫ್ಯಾನಿನಿಂದ ಸಿಗುವುದು ಅಲ್ಪ. ಬೆಂಗಳೂರಿನಲ್ಲೂ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದೇ ಪಾಡು. ಕಿಟಕಿ ಸ್ವಲ್ಪ ತೆರೆದಿಡಿ. ಅದೇ ಕೋಣೆಯಲ್ಲಿ ಏರ್ ಕೂಲರ್ ಇಟ್ಟರೆ ನಿಮಗೆ ಹಿತ, ಆದರೆ ಅದು ಗಾಳಿಗೆ ತೇವ ತುಂಬಿ ಟ್ಯಾಂಕಿನ ಫ್ಯಾನಿನ ಕೈ ಕಟ್ಟುತ್ತದೆ.

ಇಷ್ಟಾದರೂ ನೀರು 28ರ ಕೆಳಗೆ ಇಳಿಯದಿದ್ದರೆ ಆಗ ಚಿಲ್ಲರ್. ಅದು ಸಣ್ಣ ಫ್ರಿಜ್ ಇದ್ದಂತೆ, ನೀರಿನ ಬಿಸಿ ತೆಗೆದು ಹಿಂಬದಿಯಿಂದ ಕೋಣೆಗೆ ಊದುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ಅಂದ ಕೆಡದಿರಲಿ ಎಂದು ಅದನ್ನು ಟ್ಯಾಂಕಿನ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಬಚ್ಚಿಟ್ಟೆ. ಊದಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಂಡಿತು. ಕಂಪ್ರೆಸರ್ ಬಿಡುವಿಲ್ಲದೆ ಓಡಿದರೂ ನೀರು ಅರ್ಧ ಡಿಗ್ರಿ ಏರಿತ್ತು, ಪಕ್ಕದ ಪ್ಲೈವುಡ್ ಮುಟ್ಟಿದರೆ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ಹೊರಗಿಡಿ, ಸುತ್ತ ಒಂದಡಿ ಜಾಗ ಬಿಡಿ, ತಿಂಗಳಿಗೊಮ್ಮೆ ಜಾಲರಿಯ ಧೂಳು ತೆಗೆಯಿರಿ.

ಮಂಜುಗಡ್ಡೆಯ ಬಾಟಲಿ ತುರ್ತಿಗೆ ಮಾತ್ರ. ಒಂದು ಲೀಟರಿನ ಬಾಟಲಿ ಪೂರ್ತಿ ಕರಗಿದರೆ 200 ಲೀಟರ್ ನೀರು ಅರ್ಧ ಡಿಗ್ರಿಯಷ್ಟು ಇಳಿಯುತ್ತದೆ. ಮುಚ್ಚಳ ಬಿಗಿಮಾಡಿ ಸಂಪಿನಲ್ಲಿ ತೇಲಿಬಿಡಿ. ಒಂದು ಕರಗಿದ ಮೇಲೆ ಇನ್ನೊಂದು, ನಾಲ್ಕು ಒಟ್ಟಿಗೆ ಬೇಡ. ಕಾದ ಪ್ರಾಣಿಗೆ ದಿಢೀರ್ ಚಳಿಯೂ ಕೆಟ್ಟದ್ದು.

ಕರೆಂಟ್ ಹೋದಾಗ ತಂಪಿಗಿಂತ ಮೊದಲು ಉಸಿರು. ಬ್ಯಾಟರಿಯ ಏರ್ ಪಂಪು ಕೈಗೆ ಸಿಗುವಲ್ಲಿರಲಿ. ಯುಪಿಎಸ್ ಇದ್ದರೆ ಅಲೆ ಎಬ್ಬಿಸುವ ಪಂಪು ಮತ್ತು ಫ್ಯಾನನ್ನಷ್ಟೇ ಅದಕ್ಕೆ ಸೇರಿಸಿ. ದೀಪ ಆರಿದ್ದರೆ ಒಂದು ಸಂಜೆಗೆ ಏನೂ ಆಗದು.

ಏಪ್ರಿಲ್ ಕೊನೆಗೆ ಗುಡುಗು, ಆಲಿಕಲ್ಲಿನೊಂದಿಗೆ ಮೊದಲ ಮಳೆ ಬಿದ್ದ ರಾತ್ರಿ ಕೋಣೆ ಒಮ್ಮೆಲೇ ತಣ್ಣಗಾಗುತ್ತದೆ. ಕಂಟ್ರೋಲರ್ ಇಲ್ಲದವರು ಅಂದು ಮಲಗುವ ಮುನ್ನ ಫ್ಯಾನ್ ಆರಿಸಿ, ಬೇಸಿಗೆಯೆಂದು ಕಿತ್ತಿಟ್ಟ ಹೀಟರಿನ ಪ್ಲಗ್ ಮತ್ತೆ ಸಿಕ್ಕಿಸಿ.