ಇಂಜಿನ್ ಒಳಗಿನ ಕರಿ ಕೆಸರು ಮತ್ತೆ ಬರದ ಹಾಗೆ ಮಾಡಿದ್ದು

ನಾನೇ ಕ್ಲೀನ್ ಮಾಡಿ ಕಳಿಸಿದ್ದ ಆಮ್ನಿ ವ್ಯಾನ್ ಆರೇ ತಿಂಗಳಿಗೆ ಮತ್ತೆ ಬಂತು. ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿದರೆ ವಾಲ್ವ್ ಒತ್ತುವ ರಾಕರ್‌ಗಳ ಮಧ್ಯೆ ಕರಿ ಕೆಸರು, ಬೆರಳು ಒತ್ತಿದರೆ ಗುರುತು ಉಳಿಯುವಷ್ಟು ದಪ್ಪ. ಆಯಿಲ್ ಕ್ಯಾಪ್ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ.

ಮುಂಚೆ ನಾನೂ ಎಲ್ಲರ ಹಾಗೆ ಡೀಸೆಲ್ ಹಾಕಿ ಫ್ಲಶ್ ಮಾಡುತ್ತಿದ್ದೆ. ಒಂದು ಗಾಡಿಯಲ್ಲಿ ಕಿತ್ತು ಬಂದ ಕೆಸರೆಲ್ಲ ಸೀದಾ ಆಯಿಲ್ ಪಂಪ್ ಹೀರುವ ಬಾಯಿಯ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ ಹೋಗಿ ಮೆತ್ತಿಕೊಂಡು, ಹರಿಹರ ಮುಟ್ಟುವಷ್ಟರಲ್ಲಿ ಆಯಿಲ್ ಲೈಟ್ ಹತ್ತಿ, ಬೇರಿಂಗ್ ಹೋಯಿತು. ಸುಮಾರು 15 ಸಾವಿರ ನನ್ನ ಜೇಬಿಂದಲೇ ಕೊಟ್ಟೆ. ಆಮೇಲೆ 400 ರೂಪಾಯಿಯ ಫ್ಲಶ್ ಬಾಟಲಿ ತಂದು ನೋಡಿದೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ಈ ಆಮ್ನಿ ದಾವಣಗೆರೆಯ ನಿಟುವಳ್ಳಿಯಿಂದ ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿ. ಒಂದು ಬೆಳಿಗ್ಗೆ ಜೊತೆಗೆ ಕೂತು ಹೋದೆ. ಎರಡು ಮೂರು ಕಿಲೋಮೀಟರ್ ಓಟ, ನಿಲ್ಲಿಸು, ಮತ್ತೆ ಓಡಿಸು. ಟೆಂಪರೇಚರ್ ಮುಳ್ಳು ಮೇಲೇಳಲೇ ಇಲ್ಲ. ಬಂದು ಬಿಚ್ಚಿ ನೋಡಿದರೆ, ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಜಾಗ ಖಾಲಿ! ನಮ್ಮ ಬಿಸಿಲಿಗೆ ಅದು ಬೇಡ ಅಂತ ಯಾರೋ ಕಿತ್ತು ಹಾಕಿದ್ದರು. ನಾನೂ ಎಷ್ಟೋ ಗಾಡಿಗಳದ್ದು ಕಿತ್ತಿದ್ದೇನೆ. ಇಂಜಿನ್ ಕಾಯದೇ ಇದ್ದರೆ ಪಿಸ್ಟನ್ ರಿಂಗ್ ದಾಟಿ ಬರುವ ನೀರು, ಪೆಟ್ರೋಲ್ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತೆ ಅಲ್ವಾ? ಮೇಲೆ ಆ ಆವಿ ಹೊರಹೋಗುವ ಬ್ರೀದರ್ ಪೈಪ್ ಬೇರೆ ಕಟ್ಟಿಕೊಂಡಿತ್ತು.

ಹೊಸ ಥರ್ಮೋಸ್ಟಾಟ್ ಹಾಕುತ್ತೇನೆ ಅಂದಾಗ ಪಕ್ಕದ ಗ್ಯಾರೇಜಿನ ಹಿರಿಯರು, "ಏನಪ್ಪಾ, ದಾವಣಗೆರೆ ಬಿಸಿಲಲ್ಲಿ ಇಂಜಿನ್ ಕಾಯಿಸ್ತೀಯಾ?" ಅಂದರು. ಹಾಕಿದೆ, 300 ರೂಪಾಯಿ ಒಳಗೇ ಆಯಿತು. ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ, ಸ್ಟ್ರೈನರ್ ತೊಳೆದು, ಬ್ರೀದರ್ ಪೈಪ್ ಬಿಡಿಸಿದೆ. ಕೆರೆದ ಕೆಸರನ್ನು ಸುಮ್ನೆ ತರಕಾರಿ ತಕ್ಕಡಿಯಲ್ಲಿ ಇಟ್ಟೆ, ಕಾಲು ಕೆಜಿ ಮೇಲೇ ಇತ್ತು. ಚೇಂಬರನ್ನು ರಾತ್ರಿಯಿಡೀ ಯಾವುದರಲ್ಲಿ ನೆನೆಸಿದೆ ಅನ್ನೋದು ನನ್ನ ಹತ್ತಿರಾನೇ ಇರಲಿ.

ಫ್ಲಶ್ ಮುಟ್ಟಲಿಲ್ಲ. ಗ್ರೇಡ್ ಸರಿಯಿರುವ ಸಾದಾ ಆಯಿಲ್ ಹಾಕಿ 500 ಕಿಲೋಮೀಟರಿಗೆ ಇಳಿಸಿದೆ, ಆಮೇಲೆ 1000ಕ್ಕೆ, ಆಮೇಲೆ 2000ಕ್ಕೆ, ಪ್ರತಿ ಸಲ ಹೊಸ ಫಿಲ್ಟರ್. ಆಯಿಲ್, ಫಿಲ್ಟರ್ ಸೇರಿ 4 ಸಾವಿರದ ಆಸುಪಾಸು. ಇಳಿಸಿದ ಫಿಲ್ಟರ್‌ಗಳನ್ನು ಗರಗಸದಲ್ಲಿ ಕೊಯ್ದು ನೋಡಿದೆ. ಮೊದಲನೆಯದರ ಮಡಿಕೆಗಳಲ್ಲಿ ಟಾರ್ ಮೆತ್ತಿದ ಹಾಗಿತ್ತು, ಮೂರನೆಯದರಲ್ಲಿ ಕಾಗದದ ಬಣ್ಣ ಕಾಣುತ್ತಿತ್ತು. ಓನರಿಗೆ ಭಾನುವಾರ ಒಂದೇ ಓಟಕ್ಕೆ ಚಿತ್ರದುರ್ಗಕ್ಕೆ ಹೋಗಿ ಬನ್ನಿ ಅಂದಿದ್ದೆ. ಆ 60 ಕಿಲೋಮೀಟರ್ ಹೈವೇ ಮಾಡುವ ಕೆಲಸವನ್ನು ಯಾವ ಬಾಟಲಿಯೂ ಮಾಡಲ್ಲ.

ಹೋದ ತಿಂಗಳು, ಸುಮಾರು 9 ಸಾವಿರ ಕಿಲೋಮೀಟರ್ ಆದಮೇಲೆ ಕವರ್ ಬಿಚ್ಚಿದೆ. ರಾಕರ್ ಮೇಲೆ ಬರೀ ಜೇನಿನ ಬಣ್ಣ. ಆ ಹಿರಿಯರು ಬಂದು ಟಾರ್ಚ್ ಹಾಕಿ ನೋಡಿದರು, ಏನೂ ಹೇಳಲಿಲ್ಲ. ಮಾರನೇ ದಿನ ಥರ್ಮೋಸ್ಟಾಟ್ ಎಲ್ಲಿ ತಂದೆ ಅಂತ ಕೇಳಲು ಅವರ ಹುಡುಗ ಬಂದ.