ಮಕ್ಕಳ ಟೀಮಿನಲ್ಲಿ ಥರ್ಡ್ ಬೇಸ್‌ಗೆ ಯಾರು? ಮೆಟ್ಸ್ ನೋಡಿ ಕಲಿತದ್ದು

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಟೀಮಿಗೆ ಕೋಚ್ ಆಗಲು ಒಪ್ಪಿಕೊಂಡ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಪಿಚರ್ ಬಗ್ಗೆ, ಅಂದರೆ ಬ್ಯಾಟರ್‌ಗೆ ಬಾಲ್ ಎಸೆಯುವವರ ಬಗ್ಗೆ. ಒಂದೆರಡು ಮ್ಯಾಚ್ ಆದ ಮೇಲೆ ಪ್ರಶ್ನೆ ಬದಲಾಗುತ್ತದೆ. "ಥರ್ಡ್ ಬೇಸ್‌ನಲ್ಲಿ ಯಾರನ್ನು ನಿಲ್ಲಿಸೋದು? ಯಾರನ್ನು ನಿಲ್ಲಿಸಿದರೂ ಬಾಲ್ ತಪ್ಪಿ ಹೋಗುತ್ತೆ."

ನಾನಿರುವುದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಮೆಟ್ಸ್ ಎಂಬ ವೃತ್ತಿಪರ ಬೇಸ್‌ಬಾಲ್ ತಂಡದ ಊರಿನಲ್ಲಿ. ವಾರದ ಕೊನೆಯಲ್ಲಿ ಒಂಬತ್ತು, ಹತ್ತು ವರ್ಷದ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಮೆಟ್ಸ್ ಕಥೆಯಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. 1962ರಲ್ಲಿ ಶುರುವಾದ ಆ ತಂಡ 2004ರವರೆಗೆ ಥರ್ಡ್ ಬೇಸ್‌ನಲ್ಲಿ ನೂರಕ್ಕೂ ಜಾಸ್ತಿ ಜನರನ್ನು ಆಡಿಸಿತು. ಹತ್ತು ವರ್ಷಕ್ಕೂ ಮೀರಿ ಆ ಜಾಗ ಹಿಡಿದು ನಿಂತವರು ಡೇವಿಡ್ ರೈಟ್ ಒಬ್ಬರೇ. ಆ ತಂಡ ಎಲ್ಲಿ ಎಡವಿತು, ಎಲ್ಲಿ ಸರಿಹೋಯಿತು ಅಂತ ನೋಡಿದರೆ ನಮ್ಮ ಪುಟ್ಟ ಟೀಮಿಗೂ ದಾರಿ ಸಿಗುತ್ತದೆ.

ಮೊದಲು ಜಾಗ ಎಂಥದ್ದು ಅಂತ ತಿಳಿದುಕೊಳ್ಳಿ

ಬ್ಯಾಟರ್ ಓಡಿ ಸುತ್ತಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೂರನೆಯದು ಥರ್ಡ್ ಬೇಸ್. ಬಲಗೈ ಬ್ಯಾಟರ್ ಜೋರಾಗಿ ಬೀಸಿದಾಗ ಬಾಲ್ ಹೆಚ್ಚಾಗಿ ಹೋಗುವುದು ಥರ್ಡ್ ಬೇಸ್ ಕಡೆಗೆ. ಅಲ್ಲಿ ನಿಂತವರಿಗೆ ಯೋಚಿಸಲು ಸಮಯವೇ ಇರುವುದಿಲ್ಲ. ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ನಿಂತು ಅಭ್ಯಾಸ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಇಲ್ಲಿ ಬಾಲ್ ತಡೆದರೆ ಮಾತ್ರ ಸಾಲದು. ಹಿಡಿದ ಮೇಲೆ ಮೈದಾನದ ಆ ತುದಿಗೆ, ಬ್ಯಾಟರ್ ಓಡಿ ಮುಟ್ಟುವ ಮೊದಲೇ ಫಸ್ಟ್ ಬೇಸ್‌ಗೆ ಎಸೆಯಬೇಕು. ದೊಡ್ಡವರ ಮೈದಾನದಲ್ಲಿ ಈ ದೂರ 127 ಅಡಿಗಿಂತ ಸ್ವಲ್ಪ ಜಾಸ್ತಿ. 60 ಅಡಿ ಬೇಸ್ ಇರುವ ಮಕ್ಕಳ ಮೈದಾನದಲ್ಲಿ ಸುಮಾರು 85 ಅಡಿ. ಒಂಬತ್ತು ವರ್ಷದ ಮಗುವಿನ ತೋಳಿಗೆ ಅದೇ ಬಹಳ.

ಇನ್ನೊಂದು ಕಡೆ ಬಂಟ್ ಭಯ. ಬ್ಯಾಟರ್ ಬಾಲನ್ನು ಸುಮ್ನೆ ಮುಟ್ಟಿ ಹತ್ತಿರ ಉರುಳಿಸಿದರೆ ಥರ್ಡ್ ಬೇಸ್‌ನಲ್ಲಿರುವವರು ಮುಂದಕ್ಕೆ ಓಡಿ ಬಂದು ಎತ್ತಬೇಕು. ಹಿಂದೆ ನಿಂತರೆ ಬಂಟ್ ಕೈಗೆ ಸಿಗುವುದಿಲ್ಲ. ಮುಂದೆ ನಿಂತರೆ ಜೋರು ಬಾಲ್ ಎದೆಗೇ ಬರುತ್ತದೆ. ಹಾಗಾಗಿ ವೇಗವಾಗಿ ಓಡುವ ಮಗುವನ್ನು ಹುಡುಕಬೇಡಿ. ಮೊದಲ ಹೆಜ್ಜೆ ಬೇಗ ಇಡುವ, ಬಾಲ್ ಕಂಡರೆ ಮುಖ ತಿರುಗಿಸದ, ಉದ್ದಕ್ಕೆ ಎಸೆಯಬಲ್ಲ ಮಗುವನ್ನು ಹುಡುಕಿ. ಎಡಗೈಯಲ್ಲಿ ಎಸೆಯುವ ಮಗುವಿಗೆ ಬೇರೆ ಜಾಗ ಕೊಡಿ. ಫಸ್ಟ್ ಬೇಸ್ ಕಡೆ ಎಸೆಯಲು ಆ ಮಗು ಇಡೀ ಮೈ ತಿರುಗಿಸಬೇಕಾಗುತ್ತದೆ, ಅಷ್ಟರಲ್ಲಿ ಓಡುವವರು ಮುಟ್ಟಿರುತ್ತಾರೆ.

ಬೇರೆ ಜಾಗದ ಹೀರೋನನ್ನು ಎತ್ತಿ ತರಬೇಡಿ

ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಮೆಟ್ಸ್ ದೊಡ್ಡ ಬೆಲೆ ತೆತ್ತದ್ದೂ ಇಲ್ಲೇ.

1971ರ ಡಿಸೆಂಬರ್‌ನಲ್ಲಿ ಮೆಟ್ಸ್ ಕ್ಯಾಲಿಫೋರ್ನಿಯಾ ಏಂಜಲ್ಸ್‌ನಿಂದ ಜಿಮ್ ಫ್ರೆಗೋಸಿ ಅವರನ್ನು ತಂದಿತು. ಆರು ಸಲ ಆಲ್ ಸ್ಟಾರ್ ಆಗಿದ್ದವರು, ಅಂದರೆ ಆ ವರ್ಷದ ಆಯ್ದ ಆಟಗಾರರ ತಂಡದಲ್ಲಿದ್ದವರು, ದೊಡ್ಡ ಹೆಸರು. ಆದರೆ ಆ ಹೆಸರೆಲ್ಲ ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಂತು ಸಂಪಾದಿಸಿದ್ದು. ಮೆಟ್ಸ್‌ಗೆ ಬೇಕಿದ್ದದ್ದು ಥರ್ಡ್ ಬೇಸ್‌ಮನ್. ಶಾರ್ಟ್‌ಸ್ಟಾಪ್ ಪಕ್ಕದಲ್ಲೇ ಇದೆಯಲ್ಲ, ಹೊಂದಿಕೊಳ್ಳುತ್ತಾರೆ ಅಂದುಕೊಂಡರು. ಮುಂದಿನ ವಸಂತದ ಅಭ್ಯಾಸದಲ್ಲೇ ಬಾಲ್ ತಗುಲಿ ಅವರ ಹೆಬ್ಬೆರಳು ಮುರಿಯಿತು. 1972ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .232, ಅದು ಕಮ್ಮಿಯೇ. 1973ರ ಜುಲೈ ಹೊತ್ತಿಗೆ ಅವರನ್ನು ಟೆಕ್ಸಸ್‌ಗೆ ಮಾರಿಯಾಗಿತ್ತು.

ಅವರಿಗಾಗಿ ಮೆಟ್ಸ್ ನಾಲ್ವರನ್ನು ಬಿಟ್ಟುಕೊಟ್ಟಿತ್ತು. ಆ ನಾಲ್ವರಲ್ಲಿ ಒಬ್ಬರು ನೋಲನ್ ರಯನ್. ವೇಗ ಇತ್ತು, ಹಿಡಿತ ಇರಲಿಲ್ಲ, ಇನ್ನೂ 24 ವರ್ಷ. ಏಂಜಲ್ಸ್‌ಗೆ ಹೋದ ಮೊದಲ ವರ್ಷವೇ 329 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡುವುದು), ಮರುವರ್ಷ 383. ನಿವೃತ್ತಿಯ ಹೊತ್ತಿಗೆ 5,714 ಸ್ಟ್ರೈಕ್‌ಔಟ್, ಏಳು ನೋ ಹಿಟ್ಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ ಕೊಡದ ಮ್ಯಾಚ್. ಆ ಎರಡು ದಾಖಲೆಗಳ ಹತ್ತಿರಕ್ಕೂ ಯಾರೂ ಬಂದಿಲ್ಲ. ಒಂದು ಖಾಲಿ ಜಾಗ ತುಂಬುವ ಆತುರದಲ್ಲಿ ಮೆಟ್ಸ್ ಕಳೆದುಕೊಂಡದ್ದು ಇಂಥ ಪಿಚರ್‌ನನ್ನು. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಕ್ಕಳ ಟೀಮಿನಲ್ಲಿ ಟ್ರೇಡ್ ಇಲ್ಲ, ನಿಜ. ಆದರೆ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ನಿಮ್ಮ ಶಾರ್ಟ್‌ಸ್ಟಾಪ್ ಚೆನ್ನಾಗಿ ಆಡುತ್ತಿರುತ್ತಾಳೆ, ಥರ್ಡ್ ಬೇಸ್ ಸೋರುತ್ತಿರುತ್ತದೆ. ಅವಳನ್ನೇ ಅಲ್ಲಿಗೆ ತಳ್ಳಿದರೆ ಒಂದು ತೂತು ಇದ್ದ ಕಡೆ ಎರಡಾಗುತ್ತವೆ. ಸೋರುವ ಜಾಗಕ್ಕೆ ಬೇರೆ ಮಗುವನ್ನು ತಯಾರು ಮಾಡಿ. ಚೆನ್ನಾಗಿ ನಡೆಯುತ್ತಿರುವ ಜಾಗ ಮುಟ್ಟಬೇಡಿ.

ಮಗುವನ್ನು ಕೇಳಿ

ಏಮಸ್ ಓಟಿಸ್ ಮೆಟ್ಸ್‌ನಲ್ಲಿದ್ದ ಯುವ ಆಟಗಾರ. ಓಡಿ ಬಾಲ್ ಹಿಡಿಯುವುದರಲ್ಲಿ ಸೊಗಸುಗಾರ, ಬೇಸ್‌ಗಳ ಆಚೆಯ ಔಟ್‌ಫೀಲ್ಡ್ ಅವರ ಜಾಗ. 1969ರಲ್ಲಿ ಮೆಟ್ಸ್ ಅವರನ್ನು ಥರ್ಡ್ ಬೇಸ್‌ಮನ್ ಮಾಡಲು ನೋಡಿತು. ಅವರಿಗೆ ಅದು ಹಿಡಿಸಲಿಲ್ಲ. ಆ ವರ್ಷದ ಕೊನೆಗೆ ಅವರನ್ನು ಕ್ಯಾನ್ಸಸ್ ಸಿಟಿಗೆ ಕೊಟ್ಟು ಜೋ ಫಾಯ್ ಎಂಬ ಥರ್ಡ್ ಬೇಸ್‌ಮನ್‌ನನ್ನು ತಂದರು. ಫಾಯ್ ಮೆಟ್ಸ್‌ನಲ್ಲಿ ಉಳಿದದ್ದು ಒಂದೇ ಸೀಸನ್. ಓಟಿಸ್ ಕ್ಯಾನ್ಸಸ್ ಸಿಟಿಯ ಸೆಂಟರ್ ಫೀಲ್ಡ್‌ನಲ್ಲಿ ಐದು ಸಲ ಆಲ್ ಸ್ಟಾರ್ ಆದರು, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಮೂರು ಸಲ ಗೆದ್ದರು.

ಜಾಗ ಬದಲಿಸಿದ ಎಲ್ಲರೂ ಸೋಲುತ್ತಾರೆ ಅಂತಲ್ಲ. ನಮ್ಮ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. ನಯನ್ ಮೊಂಗಿಯಾ ಆದ ಮೇಲೆ ಭಾರತ ಒಬ್ಬರಾದ ಮೇಲೆ ಒಬ್ಬರು ಕೀಪರ್‌ಗಳನ್ನು ಆಡಿಸಿ ನೋಡುತ್ತಿದ್ದ ಕಾಲ ಅದು. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲೋವ್ ಹಾಕಿಕೊಂಡರು, ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಸಿಕ್ಕರು, ಫೈನಲ್‌ವರೆಗೆ ಹೋದೆವು. ದ್ರಾವಿಡ್ ಚಿಕ್ಕಂದಿನಲ್ಲಿ ಕೀಪಿಂಗ್ ಮಾಡಿದ್ದವರು, ಮನಸ್ಸಿಟ್ಟು ಆ ಕೆಲಸ ಮಾಡಿದರು. 1999ರ ಮೆಟ್ಸ್‌ನಲ್ಲೂ ಹೀಗೇ ಆಯಿತು. ರಾಬಿನ್ ವೆಂಚುರಾ ಎಂಬ ಪಳಗಿದ ಥರ್ಡ್ ಬೇಸ್‌ಮನ್ ಬಂದಾಗ, ಅಲ್ಲಿದ್ದ ಎಡ್ಗಾರ್ಡೊ ಅಲ್ಫಾನ್ಸೊ ಸೆಕೆಂಡ್ ಬೇಸ್‌ಗೆ ಸರಿದು ಜಾಗ ಬಿಟ್ಟರು. ಅವರಿಗೆ ಮೊದಲೇ ಆ ಜಾಗದ ಅಭ್ಯಾಸವೂ ಇತ್ತು. ಆ ವರ್ಷದ ಇನ್‌ಫೀಲ್ಡ್ ಆಟವನ್ನು ಇಲ್ಲಿನ ಹಳಬರು ಈಗಲೂ ನೆನೆಸಿಕೊಳ್ಳುತ್ತಾರೆ.

ಹಾಗಾಗಿ ಪ್ರಾಕ್ಟೀಸ್ ಮುಗಿದ ಮೇಲೆ ಮಗುವನ್ನು ಪಕ್ಕಕ್ಕೆ ಕರೆದು ಕೇಳಿ. "ಥರ್ಡ್ ಬೇಸ್‌ನಲ್ಲಿ ನಿಲ್ತೀಯಾ ಪುಟ್ಟ? ಅಲ್ಲಿ ಬಾಲ್ ಜೋರಾಗಿ ಬರುತ್ತೆ." ಅಪ್ಪ ಅಮ್ಮನ ಎದುರು ಕೇಳಬೇಡಿ, ಅವರ ಮುಖ ನೋಡಿ ಹೂಂ ಅಂದುಬಿಡುತ್ತವೆ. ಕಣ್ಣು ಅರಳಿತಾ, ಗ್ಲೋವ್ ಹಿಂಡುತ್ತಾ ಕೆಳಗೆ ನೋಡಿತಾ, ಅದರಲ್ಲೇ ಉತ್ತರ ಇರುತ್ತದೆ.

ಕೈಯಲ್ಲಿ ಇರುವವರನ್ನು ಮರೆಯಬೇಡಿ

ಮೆಟ್ಸ್ ಕಥೆಯಲ್ಲಿ ನನಗೆ ತುಂಬ ಇಷ್ಟವಾದವರು ವೇಯ್ನ್ ಗ್ಯಾರೆಟ್. 1969ರಿಂದ 1976ರವರೆಗೆ ಅಲ್ಲಿದ್ದರು. ಫಾಯ್ ಬಂದದ್ದು, ಆಸ್ಪ್ರಮಾಂಟೆ ಬಂದದ್ದು, ಫ್ರೆಗೋಸಿ ಬಂದದ್ದು, ಆಮೇಲೆ ಜೋ ಟಾರಿ ಬಂದದ್ದು, ಎಲ್ಲ ಅವರ ಜಾಗಕ್ಕೇ. ಒಬ್ಬೊಬ್ಬರೂ ಹೋದ ಮೇಲೆ ಮತ್ತೆ ಗ್ಯಾರೆಟ್ ಅಲ್ಲೇ ನಿಂತಿರುತ್ತಿದ್ದರು. 1973ರಲ್ಲಿ ಅವರಿಗೆ ಪೂರ್ತಿ ಅವಕಾಶ ಸಿಕ್ಕಿತು, 16 ಹೋಮ್ ರನ್ ಹೊಡೆದರು, ಮೆಟ್ಸ್ ವರ್ಷದ ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ ಹೋಯಿತು. ಅವರು ಮಹಾ ಆಟಗಾರ ಅಂತ ನಾನು ಹೇಳುವುದಿಲ್ಲ. ಆದರೆ ಹೊರಗಿನಿಂದ ತಂದ ಹಲವರಿಗಿಂತ ಆ ಕೆಲಸ ಚೆನ್ನಾಗಿ ಮಾಡಿದರು.

ನಿಮ್ಮ ಟೀಮಿನಲ್ಲೂ ಒಬ್ಬ ಗ್ಯಾರೆಟ್ ಇರುತ್ತಾನೆ. ಗಲಾಟೆ ಇಲ್ಲ, ಹತ್ತರಲ್ಲಿ ಆರು ಬಾಲ್ ತಡೆಯುತ್ತಾನೆ. ತಪ್ಪಿದ ನಾಲ್ಕು ನಿಮ್ಮ ಕಣ್ಣಿಗೆ ಬೀಳುತ್ತವೆ. ಒಂದು ಚೀಟಿಯಲ್ಲಿ ಬಂದ ಬಾಲ್ ಎಷ್ಟು, ತಡೆದದ್ದೆಷ್ಟು ಅಂತ ಗೀಟು ಹಾಕಿ. ಬೇರೆ ಮಕ್ಕಳನ್ನು ಅದೇ ಜಾಗದಲ್ಲಿ ನಿಲ್ಲಿಸಿ ಅವರಿಗೂ ಗೀಟು ಹಾಕಿ. ಆಮೇಲೆ ತೀರ್ಮಾನ ಮಾಡಿ.

ಒಬ್ಬರೇ ಸಾಲದಿದ್ದರೆ ಇಬ್ಬರಿಗೆ ಹಂಚಿ. 1969ರಲ್ಲಿ ಮೆಟ್ಸ್ ಮಾಡಿದ್ದು ಹಾಗೇ. ಎಡಗೈ ಪಿಚರ್ ಎದುರು 36 ವರ್ಷದ ಎಡ್ ಚಾರ್ಲ್ಸ್, ಬಲಗೈ ಪಿಚರ್ ಎದುರು ಚಿಕ್ಕವರಾದ ಗ್ಯಾರೆಟ್. ಲೀಗ್‌ನಲ್ಲಿ ಮೆಟ್ಸ್ ತನ್ನ ವಿಭಾಗ ಗೆದ್ದ ರಾತ್ರಿ, ಸೆಪ್ಟೆಂಬರ್ 24ರಂದು, ಸ್ಟೀವ್ ಕಾರ್ಲ್‌ಟನ್ ಎಸೆದ ಬಾಲನ್ನು ಚಾರ್ಲ್ಸ್ ಹೋಮ್ ರನ್ ಹೊಡೆದರು. ಅದೇ ಅವರ ಕೊನೆಯ ಹೋಮ್ ರನ್. ಆ ವರ್ಷ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಆತುರ ಬೇಡ, ತಯಾರಿ ಬೇಕು

1962ರ ಮೊದಲ ಮ್ಯಾಚ್‌ನಲ್ಲಿ ಮೆಟ್ಸ್‌ನ ಥರ್ಡ್ ಬೇಸ್‌ನಲ್ಲಿ ನಿಂತವರು ಡಾನ್ ಝಿಮ್ಮರ್. ಸತತ 34 ಸಲ ಬ್ಯಾಟ್ ಹಿಡಿದೂ ಒಂದು ಹಿಟ್ ಬರಲಿಲ್ಲ. ಮೇ ತಿಂಗಳಲ್ಲೇ ಅವರನ್ನು ಸಿನ್ಸಿನಾಟಿಗೆ ಕಳಿಸಿದರು. ಬದಲಿಗೆ ಬಂದ ಕ್ಲಿಫ್ ಕುಕ್ ಕೂಡ ನೆಲೆಯೂರಲಿಲ್ಲ. ಡೇವಿಡ್ ರೈಟ್ ವಿಷಯ ಬೇರೆ. 2001ರಲ್ಲಿ ಅವರನ್ನು ಹೈಸ್ಕೂಲ್ ಮುಗಿಯುತ್ತಲೇ ಆರಿಸಿಕೊಂಡರು, ಚಿಕ್ಕ ಲೀಗ್‌ಗಳಲ್ಲಿ ಮೂರು ವರ್ಷ ಅದೇ ಜಾಗದಲ್ಲಿ ಆಡಿಸಿದರು, 2004ರ ಜುಲೈನಲ್ಲಿ ಮೇಲೆ ತಂದರು. ಶುರುವಿನಲ್ಲಿ ಅವರ ಥ್ರೋಗಳೂ ತಪ್ಪುತ್ತಿದ್ದವು. ಯಾರೂ ಅವರನ್ನು ಅಲ್ಲಿಂದ ಎಬ್ಬಿಸಲಿಲ್ಲ. 2007 ಮತ್ತು 2008ರಲ್ಲಿ ಗೋಲ್ಡ್ ಗ್ಲೋವ್ ಬಂತು.

ನಮ್ಮ ಮಕ್ಕಳನ್ನು ತಯಾರು ಮಾಡಲು ನಾನು ಹೀಗೆ ಮಾಡಿಸುತ್ತೇನೆ.

ಭಯ ಬಿಡಿಸುವುದು ಮೊದಲು. ಗಟ್ಟಿ ಬಾಲ್ ಬೇಡ, ಟೆನಿಸ್ ಬಾಲ್ ಅಥವಾ ಮೆತ್ತನೆಯ ಪ್ರಾಕ್ಟೀಸ್ ಬಾಲ್ ತಗೊಳ್ಳಿ. ಮಗುವನ್ನು ಮಂಡಿಯೂರಿ ಕೂರಿಸಿ, ಹತ್ತಿರದಿಂದ ಉರುಳಿಸಿ. ಹಿಡಿಯಲೇಬೇಕು ಅಂತಿಲ್ಲ, ಎದೆಗೆ ತಗುಲಿ ಎದುರಿಗೆ ಬಿದ್ದರೂ ಆಯಿತು. ಥರ್ಡ್ ಬೇಸ್‌ನಲ್ಲಿ ಎದುರಿಗೆ ಬಿದ್ದ ಬಾಲ್ ಎತ್ತಿ ಎಸೆಯಲು ಎಷ್ಟೋ ಸಲ ಸಮಯ ಸಿಗುತ್ತದೆ. ಇದು ಸಲೀಸಾದ ಮೇಲೆಯೇ ಗಟ್ಟಿ ಬಾಲ್.

ಆಮೇಲೆ ನಿಲ್ಲುವ ರೀತಿ. ಪಿಚರ್ ಎಸೆಯುವ ಹೊತ್ತಿಗೆ ಒಂದು ಪುಟ್ಟ ಹೆಜ್ಜೆ ಮುಂದೆ, ಭಾರ ಪಾದದ ಮುಂಭಾಗದಲ್ಲಿ, ಗ್ಲೋವ್ ಬಾಯಿ ತೆರೆದು ನೆಲದ ಹತ್ತಿರ. ಮಕ್ಕಳು ಗ್ಲೋವನ್ನು ಮಂಡಿಯ ಮೇಲೆ ಇಟ್ಟುಕೊಂಡು ನಿಲ್ಲುತ್ತವೆ. ಅಲ್ಲಿಂದ ಕೆಳಗೆ ಬರುವಷ್ಟರಲ್ಲಿ ಬಾಲ್ ಕಾಲ ಕೆಳಗೆ ಹೋಗಿರುತ್ತದೆ. ಗ್ಲೋವ್ ಕೆಳಗಿಂದ ಮೇಲಕ್ಕೆ ಬರಬೇಕು ಅಂತ ಮತ್ತೆ ಮತ್ತೆ ಹೇಳಿ. ಗ್ಲೋವ್ ಅಳತೆಯನ್ನೂ ನೋಡಿ. ಈ ವಯಸ್ಸಿಗೆ 11 ಇಂಚಿನ ಆಸುಪಾಸು ಸಾಕು. ಅಣ್ಣನ ದೊಡ್ಡ ಔಟ್‌ಫೀಲ್ಡ್ ಗ್ಲೋವ್ ಹಾಕಿಕೊಂಡು ಬಂದ ಮಗುವಿಗೆ ಗ್ಲೋವ್ ಒಳಗಿನ ಬಾಲ್ ಬೇಗ ಕೈಗೆ ಸಿಗುವುದಿಲ್ಲ.

ಬಂಟ್‌ಗೆ ಬಾಲನ್ನು ಥರ್ಡ್ ಬೇಸ್ ಗೆರೆಯ ಉದ್ದಕ್ಕೂ ಮೆಲ್ಲಗೆ ಉರುಳಿಸಿ ಮಗುವನ್ನು ಓಡಿಸಿ. ಉರುಳುತ್ತಿದ್ದರೆ ಗ್ಲೋವ್‌ನಲ್ಲಿ, ನಿಂತಿದ್ದರೆ ಬರಿಗೈಯಲ್ಲಿ. ಮಕ್ಕಳಿಗೆ ಇದು ಎಲ್ಲಕ್ಕಿಂತ ಇಷ್ಟ.

ಎಸೆತದ ವಿಷಯದಲ್ಲಿ ದೊಡ್ಡವರು ಮಕ್ಕಳನ್ನು ಸುಮ್ನೆ ಕಾಡುತ್ತಾರೆ. ಬಾಲ್ ನೇರ ಗಾಳಿಯಲ್ಲೇ ಹೋಗಬೇಕು ಅಂತೇನಿಲ್ಲ. ಒಂದು ಪುಟ ಬಿದ್ದು ಹೋದರೂ ಔಟ್ ಔಟೇ. ಮೇಲಕ್ಕೆ ಎಸೆದು ಫಸ್ಟ್ ಬೇಸ್ ದಾಟಿಸುವುದಕ್ಕಿಂತ ಅದೇ ಒಳ್ಳೆಯದು. ಫಸ್ಟ್ ಬೇಸ್ ಕಡೆ ಒಂದು ಪಕ್ಕ ಹೆಜ್ಜೆ ಹಾಕಿ, ಭುಜ ಗುರಿಗೆ ಇಟ್ಟು, ಎಸೆಯಲು ಹೇಳಿ. ಫಸ್ಟ್ ಬೇಸ್‌ನಲ್ಲಿರುವ ಮಗುವಿಗೂ ಪುಟ ಬಿದ್ದ ಬಾಲ್ ಹಿಡಿಯುವ ಅಭ್ಯಾಸ ಮಾಡಿಸಿ. ಥರ್ಡ್ ಬೇಸ್‌ನ ಅರ್ಧ ತೊಂದರೆ ಅಲ್ಲೇ ಕಮ್ಮಿಯಾಗುತ್ತದೆ.

ಮ್ಯಾಚ್ ನಡುವೆ ಬಾಲ್ ತಪ್ಪಿದರೆ ಮಗುವನ್ನು ಆ ಇನಿಂಗ್ಸ್‌ನಲ್ಲೇ ತೆಗೆಯಬೇಡಿ. ಎಲ್ಲರೂ ನೋಡುತ್ತಿರುತ್ತಾರೆ. ಇನಿಂಗ್ಸ್ ಮುಗಿದು ಬಂದಾಗ ಒಂದೇ ವಿಷಯ ಹೇಳಿ, ಗ್ಲೋವ್ ಕೆಳಗಿತ್ತಾ ಅಂತ. ಮತ್ತೇನೂ ಬೇಡ.

ಎರಡನೆಯವರನ್ನೂ ಬೆಳೆಸಿ

ರೈಟ್ ಕಥೆಯ ಕೊನೆ ನೋವಿನದ್ದು. 2015ರಲ್ಲಿ ಬೆನ್ನುಹುರಿಯ ನಾಳ ಕಿರಿದಾಗುವ ತೊಂದರೆ ಗೊತ್ತಾಯಿತು. ಆ ವರ್ಷ ಆಡಿದ್ದು 38 ಮ್ಯಾಚ್, 2016ರಲ್ಲಿ 37, 2017ರಲ್ಲಿ ಒಂದೂ ಇಲ್ಲ. 2018ರ ಸೆಪ್ಟೆಂಬರ್ 29ರಂದು ಮೆಟ್ಸ್ ಮೈದಾನವಾದ ಸಿಟಿ ಫೀಲ್ಡ್‌ನಲ್ಲಿ ಕೊನೆಯ ಸಲ ಥರ್ಡ್ ಬೇಸ್‌ನಲ್ಲಿ ನಿಂತರು. ಆಮೇಲೆ ಆ ಜಾಗ ಮತ್ತೆ ಕೈಯಿಂದ ಕೈಗೆ ಹೋಗತೊಡಗಿತು.

ಮಕ್ಕಳಿಗೆ ಜ್ವರ ಬರುತ್ತದೆ, ಊರಿಗೆ ಹೋಗುತ್ತವೆ, ಆ ದಿನ ಪಿಚ್ ಮಾಡಬೇಕಾಗುತ್ತದೆ. ಪ್ರತಿ ಪ್ರಾಕ್ಟೀಸ್‌ನಲ್ಲೂ ಥರ್ಡ್ ಬೇಸ್ ಗ್ರೌಂಡರ್‌ಗಳಿಗೆ (ನೆಲದಲ್ಲಿ ಉರುಳಿ ಬರುವ ಬಾಲ್) ಇಬ್ಬರನ್ನು ಒಟ್ಟಿಗೆ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಹಿಡಿಯಲಿ. ಟೀಮ್ ಪಟ್ಟಿ ಬರೆಯುವಾಗ ಮೊದಲ ಮೂರು ಇನಿಂಗ್ಸ್‌ಗೆ ಒಬ್ಬರ ಹೆಸರು, ಕೊನೆಯ ಮೂರಕ್ಕೆ ಇನ್ನೊಬ್ಬರದ್ದು. ಮುಂದಿನ ವಾರ ಅದನ್ನೇ ತಿರುಗಿಸಿ ಬರೆಯಿರಿ.